ಅಪ್ಪನ ಫಿಯಟ್‌ಗೆ ವ್ಯಾಕ್ಸ್ ಸಾಕೇ, ಸೆರಾಮಿಕ್ ಬೇಕೇ?

ಪ್ರಶ್ನೆ: ನಮ್ಮ ತಂದೆಯವರು 1984ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಈಗಲೂ ಹಾಸನದ ಮನೆಯಲ್ಲಿದೆ. ಕಡುಗೆಂಪು ಬಣ್ಣ. ತಿಂಗಳಿಗೊಂದು ಭಾನುವಾರ ಅವರೇ ಕೂತು ಡಬ್ಬದ ವ್ಯಾಕ್ಸ್ ಹಚ್ಚಿ ಉಜ್ಜುತ್ತಿದ್ದರು. ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು, ಆಮೇಲೆ ವ್ಯಾಕ್ಸ್, ಗಾಜಿಗೆ ನ್ಯೂಸ್‌ಪೇಪರ್. ಬಂಪರ್‌ಗೆ ಬ್ರಾಸೊ ಹಾಕುವ ಕೆಲಸ ನನ್ನದು. ಅವರು ತೀರಿಕೊಂಡ ಮೇಲೆ ಕಾರು ಮನೆ ಮುಂದೆ ಒಂದು ಪ್ಲಾಸ್ಟಿಕ್ ಕವರ್ ಕೆಳಗೆ ನಿಂತಿದೆ. ಬಾನೆಟ್, ಟಾಪ್ ಎರಡೂ ಮಂಕಾಗಿವೆ, ಕೈ ಇಟ್ಟರೆ ಕೆಂಪು ಪುಡಿ ಅಂಟುತ್ತದೆ. ಡೀಟೇಲಿಂಗ್ ಅಂಗಡಿಯವರು ಮೆಷಿನ್ ಬಫಿಂಗ್ ಮಾಡಿ ಸೆರಾಮಿಕ್ ಕೋಟಿಂಗ್ ಹಾಕಿದರೆ 5 ವರ್ಷ ತಲೆನೋವಿಲ್ಲ ಅನ್ನುತ್ತಾರೆ. ನನಗೆ ಅಪ್ಪ ಮಾಡುತ್ತಿದ್ದ ಹಾಗೇ ಮಾಡುವ ಆಸೆ. ಇದು ಬರೀ ಹಳೆಯದರ ಮೇಲಿನ ವ್ಯಾಮೋಹವೇ? ಆ ಹೊಳಪು ಮತ್ತೆ ಬರುತ್ತದೆಯೇ? ಅವರ ಅರ್ಧ ಉಳಿದ ವ್ಯಾಕ್ಸ್ ಡಬ್ಬ ಇನ್ನೂ ಇದೆ, ಅದನ್ನು ಬಳಸಬಹುದೇ?

ಉತ್ತರ: ಸದ್ಯಕ್ಕೆ ಆ ಕಾರನ್ನು ಯಾವ ಅಂಗಡಿಗೂ ಬಿಡಬೇಡಿ. ಮೆಷಿನ್ ಹಚ್ಚಿ ಹೋದ ಬಣ್ಣ ಮತ್ತೆ ಬರುವುದಿಲ್ಲ, ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದೇನೆ. ವ್ಯಾಮೋಹವೇ ಅಂತ ಕೇಳಿದ್ದೀರಿ. ಅಲ್ಲ. ನಿಮ್ಮ ತಂದೆಯವರ ಕಾರಿಗೆ ನಿಮ್ಮ ತಂದೆಯವರ ವ್ಯಾಕ್ಸೇ ಸರಿ. ಆದರೆ ಅವರು ಮಾಡುತ್ತಿದ್ದದ್ದರಲ್ಲಿ ಎರಡು ಅಭ್ಯಾಸ ಬಿಡಬೇಕು. ಯಾವುದು, ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕೈಗೆ ಅಂಟಿದ ಆ ಕೆಂಪು ಪುಡಿಯಿಂದಲೇ ಶುರು ಮಾಡೋಣ. ಇವತ್ತಿನ ಕಾರುಗಳಲ್ಲಿ ಬಣ್ಣ ಕೆಳಗಿರುತ್ತದೆ. ಅದರ ಮೇಲೆ ಗಾಜಿನ ಹಾಗೆ ಬಣ್ಣವಿಲ್ಲದ ಇನ್ನೊಂದು ಪದರ ಇರುತ್ತದೆ, ಅದೇ ಕ್ಲಿಯರ್ ಕೋಟ್. ಸುಮಾರು 40-50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ನಾವು ತೊಳೆಯುವುದು, ಪಾಲಿಷ್ ಮಾಡುವುದು, ಗೀರು ಬೀಳಿಸುವುದು ಎಲ್ಲ ಆ ಪದರದ ಮೇಲೆಯೇ. ನಿಮ್ಮ ಫಿಯಟ್‌ನಲ್ಲಿ ಅದು ಇಲ್ಲ (ಹೆಸರು ಪದ್ಮಿನಿ ಆದರೂ ನಮ್ಮ ಕಡೆ ಎಲ್ಲರೂ ಫಿಯಟ್ ಅಂತಲೇ ಕರೆದದ್ದು, ನಾನೂ ಹಾಗೇ ಬರೆಯುತ್ತೇನೆ). ಆ ಕಾಲದ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳಲ್ಲಿ ಬಣ್ಣವೇ ಕೊನೆಯ ಪದರ. ಬಿಸಿಲು, ಮಳೆ, ಹಕ್ಕಿ ಹಿಕ್ಕೆ ಎಲ್ಲವನ್ನೂ ಬಣ್ಣವೇ ನೇರವಾಗಿ ತಡೆದುಕೊಳ್ಳಬೇಕು. ವರ್ಷಗಟ್ಟಲೆ ಬಿಸಿಲು ಬಿದ್ದು ಬಣ್ಣದ ಕಣಗಳನ್ನು ಹಿಡಿದಿಟ್ಟಿರುವ ಅಂಟು ಸತ್ತುಹೋಗುತ್ತದೆ, ಕಣಗಳು ಬಿಡಿಬಿಡಿಯಾಗಿ ಮೇಲೆ ಉಳಿಯುತ್ತವೆ. ಸುಣ್ಣ ಹೊಡೆದ ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಅಂಟುತ್ತದಲ್ಲ, ಹಾಗೆ. ಕೆಂಪು ಬಣ್ಣಕ್ಕೆ ಈ ಕಾಟ ಜಾಸ್ತಿ.

ಒಳ್ಳೆಯ ಸುದ್ದಿ ಏನೆಂದರೆ, ಈ ಸತ್ತ ಪದರ ತೀರಾ ತೆಳು. ಅದರ ಕೆಳಗೆ ನಿಮ್ಮ ತಂದೆಯವರು ನೋಡಿದ ಬಣ್ಣ ಇನ್ನೂ ಇರಬಹುದು. ಬಾಗಿಲು ತೆಗೆದು ಸಂದಿಯಲ್ಲಿ, ಹಿಂಜ್ ಹತ್ತಿರ ನೋಡಿ. ಅಲ್ಲಿಗೆ ಬಿಸಿಲು ಬಿದ್ದಿಲ್ಲ. ಅಲ್ಲಿ ಕಾಣುವ ಕೆಂಪೇ ಆ ಕಾರಿನ ನಿಜವಾದ ಕೆಂಪು. ಬಾನೆಟ್ ಎಷ್ಟರ ಮಟ್ಟಿಗೆ ಅದರ ಹತ್ತಿರ ಬರಬಹುದು ಅಂತ ಅದನ್ನು ನೋಡಿಯೇ ಅಂದಾಜು ಮಾಡಬೇಕು.

ನಡುವೆ ಯಾವಾಗಲಾದರೂ ಕಾರಿಗೆ ಮತ್ತೆ ಪೇಂಟ್ ಆಗಿರುವ ಸಾಧ್ಯತೆಯೂ ಇದೆ. ಅದನ್ನು ತಿಳಿಯುವುದು ಸುಲಭ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಷ್ ಹಾಕಿ ಕಣ್ಣಿಗೆ ಕಾಣದ ಜಾಗದಲ್ಲಿ ಉಜ್ಜಿ. ಬಟ್ಟೆ ಕೆಂಪಾದರೆ ಕ್ಲಿಯರ್ ಕೋಟ್ ಇಲ್ಲ ಅಂತ ಅರ್ಥ. ಇನ್ನೊಂದು ಪರೀಕ್ಷೆ, ಬಾಗಿಲಿನ ಕೆಳ ಅಂಚಿನ ಒಳಭಾಗದಲ್ಲಿ ಒಂದೇ ಒಂದು ಹನಿ ಥಿನ್ನರ್ ಇಟ್ಟು ಹತ್ತಿಯಲ್ಲಿ ಮುಟ್ಟಿ ನೋಡುವುದು. ಬಣ್ಣ ಕರಗಿ ಬಂದರೆ ಅದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್, ಹಳಬರ ಬಾಯಲ್ಲಿ ಡ್ಯೂಕೊ. ಡ್ಯೂಕೊ ಅನ್ನುವುದು 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ತಂದ ಪೇಂಟಿನ ಹೆಸರು, ನಮ್ಮ ಗ್ಯಾರೇಜ್‌ಗಳಲ್ಲಿ ಅದು ಎಲ್ಲ ಸ್ಪ್ರೇ ಪೇಂಟಿಗೂ ಹೆಸರಾಗಿ ನಿಂತುಬಿಟ್ಟಿತು. ಈ ಪೇಂಟ್ ಒಣಗುವುದು ಬರೀ ಥಿನ್ನರ್ ಆರಿಹೋಗಿ. ಹಾಗಾಗಿ ಮತ್ತೆ ಥಿನ್ನರ್ ತಗುಲಿದರೆ ಎಷ್ಟೇ ವರ್ಷ ಆಗಿದ್ದರೂ ಕರಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಸೆರಾಮಿಕ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಾನು ಈ ಕೆಲಸಕ್ಕೆ ಬಂದದ್ದು 1989ರಲ್ಲಿ, ಮೈಸೂರಿನ ಒಂದು ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜ್‌ಗೆ. ನಮ್ಮ ಮೇಸ್ತ್ರಿ ಎರಡು ವರ್ಷ ಸ್ಪ್ರೇ ಗನ್ ಮುಟ್ಟಲು ಬಿಡಲಿಲ್ಲ. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪು ಸ್ಯಾಂಡ್ ಪೇಪರ್) ಉಜ್ಜುವುದು, ರಬ್ಬಿಂಗ್ ಹಾಕುವುದು, ವ್ಯಾಕ್ಸ್ ಹಚ್ಚುವುದು, ಇಷ್ಟೇ ಕೆಲಸ. ರಾತ್ರಿ ಬಕೆಟ್ ನೀರಿಗೆ ಒಂದು ಚೂರು ಸೋಪು ಹಾಕಿ ವಾಟರ್ ಪೇಪರ್ ನೆನೆಸಿಡಬೇಕು, ಬೆಳಿಗ್ಗೆ ಅದು ಬಟ್ಟೆಯ ಹಾಗೆ ಮೆತ್ತಗಾಗಿರಬೇಕು. ಹಳೇ ಹವಾಯಿ ಚಪ್ಪಲಿಯನ್ನು ಕತ್ತರಿಸಿದ ತುಂಡಿಗೆ ಅದನ್ನು ಸುತ್ತಿ, ನೀರು ಬಿಡುತ್ತಾ 800 ನಂಬರ್ ಪೇಪರ್, ಆಮೇಲೆ ಅದಕ್ಕಿಂತ ನುಣುಪಾದ 1000, ಆಮೇಲೆ 1200. ಬೆರಳಲ್ಲಿ ನೇರವಾಗಿ ಒತ್ತಿದರೆ ಮೇಸ್ತ್ರಿ ಬೈಯುತ್ತಿದ್ದರು, ಯಾಕೆಂದರೆ ಬೆರಳಿನ ಗುರುತು ಗುಂಡಿಯಾಗಿ ಉಳಿಯುತ್ತದೆ, ಹೊಳಪು ಬಂದ ಮೇಲೆಯೇ ಅದು ಕಾಣುವುದು. ಅದಾದ ಮೇಲೆ ಕಂದು ಬಣ್ಣದ ರಬ್ಬಿಂಗ್ ಕಾಂಪೌಂಡ್. ಬಟ್ಟೆಯನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿಕೊಂಡು, ಒಂದು ಸಲಕ್ಕೆ ಒಂದೂವರೆ ಅಡಿ ಜಾಗ. ಕಾರು ತೊಳೆದು ಒಣಗಿಸಿ ಕೊನೆಗೆ ವ್ಯಾಕ್ಸ್.

ವ್ಯಾಕ್ಸ್ ಡಬ್ಬದ ಮುಚ್ಚಳ ತೆಗೆದರೆ ಟರ್ಪೆಂಟೈನ್ ಮತ್ತು ಮೇಣದ ವಾಸನೆ ಗ್ಯಾರೇಜ್ ತುಂಬ ಹರಡುತ್ತಿತ್ತು, ಅದು ಬಂತೆಂದರೆ ಕೆಲಸ ಮುಗಿಯಿತು, ಟೀ ಬರುತ್ತದೆ ಅಂತ ಅರ್ಥ. ಹಚ್ಚುವುದು ತೆಳುವಾಗಿ. ಬಿಳಿಯಾಗಿ ಮಂಜು ಕಟ್ಟಿದ ಹಾಗೆ ಒಣಗುವ ತನಕ ಕಾಯಬೇಕು. ಬೆರಳಲ್ಲಿ ಒಂದು ಗೆರೆ ಎಳೆದು ನೋಡುವುದು: ಮೆತ್ತಿಕೊಂಡರೆ ಇನ್ನೂ ಹಸಿ, ಗೆರೆ ಶುಭ್ರವಾಗಿ ಬಂದರೆ ಒರೆಸಬಹುದು. ಒರೆಸಲು ಹಳೇ ಪಂಚೆ. ಹತ್ತಾರು ಸಲ ಒಗೆದು ಒಗೆದು ಗಂಜಿ ಪೂರ್ತಿ ಹೋದ ಪಂಚೆಯಷ್ಟು ಮೆತ್ತನೆಯ ಬಟ್ಟೆ ಆಗ ನಮಗೆ ಬೇರೆ ಗೊತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮೇಸ್ತ್ರಿ ಬಂದು ಬಾನೆಟ್ ಮೇಲೆ ಬಗ್ಗಿ ಟ್ಯೂಬ್‌ಲೈಟಿನ ನೆರಳು ನೋಡುತ್ತಿದ್ದರು. ಟ್ಯೂಬಿನ ಅಂಚು ಚೂಪಾಗಿ ಕಾಣಬೇಕು, ಹೊಗೆ ಹೊಗೆಯಾಗಿ ಕಂಡರೆ ಮತ್ತೆ ಉಜ್ಜಬೇಕು. ಈಗ ನನ್ನ ಹತ್ತಿರ ಸಾವಿರಾರು ರೂಪಾಯಿಯ ಇನ್‌ಸ್ಪೆಕ್ಷನ್ ಲೈಟ್ ಇದೆ, ಆದರೂ ಕೊನೆಗೆ ನಾನು ನೋಡುವುದು ಅದನ್ನೇ.

ಆಯುಧ ಪೂಜೆಯ ಹಿಂದಿನ ವಾರ ಅಂತೂ ಗ್ಯಾರೇಜ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಟ್ಯಾಕ್ಸಿ, ಮೆಟಡಾರ್, ಡಾಕ್ಟರ ಫಿಯಟ್, ಎಸ್ಟೇಟ್ ಜೀಪು, ಎಲ್ಲಕ್ಕೂ ವ್ಯಾಕ್ಸ್ ಆಗಬೇಕು. ರಾತ್ರಿ 2 ಗಂಟೆವರೆಗೆ ಉಜ್ಜಿ ಭುಜ ಎತ್ತಲು ಆಗುತ್ತಿರಲಿಲ್ಲ. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಹಾಗಾಗಿ ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥ ಆಗುತ್ತದೆ.

ಆದರೆ ಒಂದು ನಿಜ ಹೇಳಬೇಕು. ಆ ಕಾಲದ ಎಷ್ಟೋ ಕಾರುಗಳ ಬಣ್ಣ ತೆಗೆದವರು ನಾವೇ. ಗಿರಾಕಿ ‘ಪಾಲಿಷ್’ ಅಂದರೆ ಬಹಳ ಕಡೆ ವ್ಯಾಕ್ಸ್ ಹಾಕುತ್ತಿರಲಿಲ್ಲ, ರಬ್ಬಿಂಗ್ ಹಾಕುತ್ತಿದ್ದರು. ರಬ್ಬಿಂಗ್ ಅಂದರೆ ಬಣ್ಣ ಕೊರೆಯುವುದು. ಕೂಡಲೇ ಹೊಳೆಯುತ್ತದೆ, ಗಿರಾಕಿಗೆ ಖುಷಿ. ವರ್ಷ ವರ್ಷ ಹೀಗೆ ಕೊರೆದರೆ ಹತ್ತು ವರ್ಷಕ್ಕೆ ಬಾನೆಟ್ ಅಂಚಿನಲ್ಲಿ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಅಸ್ತರಿ ಪದರ, ಇಣುಕುತ್ತದೆ. ಮಂಕು ತೆಗೆಯುವುದು ಬೇರೆ, ಹೊಳಪು ಕಾಪಾಡುವುದು ಬೇರೆ. ನಿಮ್ಮ ತಂದೆಯವರು ತಿಂಗಳಿಗೊಮ್ಮೆ ವ್ಯಾಕ್ಸ್ ಮಾತ್ರ ಹಚ್ಚುತ್ತಿದ್ದರು ಅಂತ ಬರೆದಿದ್ದೀರಿ. ಅವರು ಮಾಡಿದ ಅತಿ ಒಳ್ಳೆಯ ಕೆಲಸ ಅದೇ. ನಾಲ್ಕು ದಶಕದ ಮೇಲೂ ಉಜ್ಜಲು ಬಣ್ಣ ಉಳಿದಿದೆ ಅಂದರೆ ಅದರ ಪುಣ್ಯ.

ಆ ಡಬ್ಬದಲ್ಲಿ ಇರುತ್ತಿದ್ದದ್ದು ಏನು? ಒಳ್ಳೆಯ ವ್ಯಾಕ್ಸ್ ಆಗಿದ್ದರೆ ಕಾರ್ನೋಬಾ ಮೇಣ, ಜೊತೆಗೆ ಜೇನುಮೇಣ ಅಥವಾ ಪ್ಯಾರಾಫಿನ್, ಹರಡಲು ಟರ್ಪೆಂಟೈನ್ ಥರದ ಎಣ್ಣೆ. ಕಾರ್ನೋಬಾ ಬರುವುದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಎಲೆಯಿಂದ. ಅಲ್ಲಿ ಬಿಸಿಲು ಜೋರು, ಎಲೆಯ ನೀರು ಆರಿಹೋಗದಿರಲಿ ಅಂತ ಮರ ತಾನೇ ಎಲೆಗೆ ಮೇಣ ಹಚ್ಚಿಕೊಳ್ಳುತ್ತದೆ. ಎಲೆ ಕಡಿದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ನಮ್ಮ ಕೆಸುವಿನ ಎಲೆ ಮೇಲೆ ನೀರು ಮುತ್ತಾಗಿ ಉರುಳುವುದೂ ಇಂಥದೇ ಮೇಣದಿಂದ. ಕಾರ್ನೋಬಾ ಕರಗಲು 82ರಿಂದ 86 ಡಿಗ್ರಿ ಸೆಲ್ಸಿಯಸ್ ಬೇಕು, ಜೇನುಮೇಣಕ್ಕೆ 62-64 ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಗಾಢ ಬಣ್ಣದ ಬಾನೆಟ್ ಎಷ್ಟು ಕಾಯುತ್ತದೆ ಅಂತ ಕೈ ಇಟ್ಟವರಿಗೆ ಗೊತ್ತು. ಅದಕ್ಕೇ ಕಾರಿಗೆ ಕಾರ್ನೋಬಾ ಬೇಕಾಯಿತು. ಆದರೆ ಅದೊಂದೇ ಆದರೆ ಕಲ್ಲಿನ ಹಾಗೆ ಗಟ್ಟಿ, ಹಚ್ಚಲು ಆಗುವುದಿಲ್ಲ. ಹಾಗಾಗಿ ಡಬ್ಬದ ಮೇಲೆ ‘100% ಕಾರ್ನೋಬಾ’ ಅಂತ ಇದ್ದರೆ ಒಳಗೆ ಇರುವುದೆಲ್ಲ ಅದೇ ಅಂತ ನಂಬಬೇಡಿ. ಮನೆಯಲ್ಲೇ ಕಾಸಿ ಮಾಡುವ ವಿಧಾನಗಳು ಓಡಾಡುತ್ತಿವೆ, ದಯವಿಟ್ಟು ಗ್ಯಾಸ್ ಒಲೆ ಮೇಲೆ ಟರ್ಪೆಂಟೈನ್ ಇಡಬೇಡಿ, ಬೆಚ್ಚಗಾದರೆ ಸಾಕು ಅದರ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಈಗ ಸೆರಾಮಿಕ್. ನನ್ನ ಅಂಗಡಿಯಲ್ಲೂ ಹಾಕುತ್ತೇನೆ, ಅದರಿಂದಲೇ ನನ್ನ ಬಾಡಿಗೆ ಹೋಗುತ್ತದೆ, ಹಾಗಾಗಿ ಅದನ್ನು ಬೈಯುವವನು ನಾನಲ್ಲ. ಹೊಸ ಕಾರಿನ ಕ್ಲಿಯರ್ ಕೋಟ್ ಮೇಲೆ ಅದು ಒಳ್ಳೆಯ ಕೆಲಸ ಮಾಡುತ್ತದೆ. ಸಿಲಿಕಾ ಆಧಾರದ ದ್ರವ, ಒಣಗಿ ಒಂದೆರಡು ಮೈಕ್ರಾನಿನ ಗಟ್ಟಿ ಪದರ ಆಗುತ್ತದೆ, ನೀರು ನಿಲ್ಲುವುದಿಲ್ಲ, ಕೊಳೆ ಬೇಗ ಬಿಡುತ್ತದೆ. ‘9ಎಚ್ ಗಟ್ಟಿತನ’ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಪೆನ್ಸಿಲ್ ಲೆಕ್ಕ, 9ಎಚ್ ಪೆನ್ಸಿಲ್‌ನಿಂದ ಗೀಚಿ ನೋಡುವ ಪರೀಕ್ಷೆ. ಕಲ್ಲು, ಕೀಲಿಕೈ ತಡೆಯುತ್ತದೆ ಅಂತ ಅಲ್ಲ. 5 ವರ್ಷ ತಲೆನೋವಿಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ, ತೊಳೆಯುವುದು ತಪ್ಪುವುದಿಲ್ಲ, ಬೋರ್‌ವೆಲ್ ನೀರು ಅದರ ಮೇಲೆ ಒಣಗಿದರೆ ಬಿಳಿ ಕಲೆ ಕೂರುವುದೂ ತಪ್ಪುವುದಿಲ್ಲ.

ನಿಮ್ಮ ಫಿಯಟ್‌ಗೆ ಅದು ಯಾಕೆ ಬೇಡ? ಸೆರಾಮಿಕ್ ಹಿಡಿಯಬೇಕಾದರೆ ಕೆಳಗಿನ ಮೈ ಗಟ್ಟಿಯಾಗಿರಬೇಕು. ನಿಮ್ಮದು ಪುಡಿಯಾಗುತ್ತಿರುವ ಬಣ್ಣ. ಗಟ್ಟಿ ಬಣ್ಣ ಸಿಗುವ ತನಕ ಅವರು ಮೆಷಿನ್‌ನಲ್ಲಿ ಕೊರೆಯಬೇಕು, ಎಷ್ಟು ಉಳಿದಿದೆ ಅಂತ ಅಳೆಯದೆ ಕೊರೆದರೆ ಪ್ರೈಮರ್‌ಗೇ ಹೋಗಿ ನಿಲ್ಲುತ್ತದೆ. ಆಮೇಲೆ ಥಿನ್ನರ್ ಥರದ ಸಾಲ್ವೆಂಟ್ ಹಾಕಿ ಒರೆಸಿ ಒಂದಿಷ್ಟೂ ಎಣ್ಣೆ ಇಲ್ಲದ ಹಾಗೆ ಮಾಡಬೇಕು. ನಿಮ್ಮ ಬಣ್ಣಕ್ಕೆ ಬೇಕಾಗಿರುವುದು ಅದರ ಉಲ್ಟಾ, ಎಣ್ಣೆ. ಮೇಲಾಗಿ ಅದು ಎನ್‌ಸಿ ಪೇಂಟ್ ಆಗಿದ್ದರೆ ಕೋಟಿಂಗ್‌ನ ಒಳಗಿರುವ ಸಾಲ್ವೆಂಟೇ ಬಣ್ಣವನ್ನು ಮೆತ್ತಗೆ ಮಾಡುವ ಅಪಾಯ ಇದೆ. ನಾಳೆ ಒಂದು ಕಲೆ ಆಯಿತು ಅಂದರೆ ವ್ಯಾಕ್ಸ್ ಆದರೆ ಒರೆಸಿ ತೆಗೆದು ಸರಿ ಮಾಡಬಹುದು, ಸೆರಾಮಿಕ್ ತೆಗೆಯಬೇಕಾದರೆ ಮತ್ತೆ ಕೊರೆಯಬೇಕು. ಕಾರಿಗೆ ಹಿಂದೆಯೇ 2ಕೆ ಪೇಂಟ್‌ನಲ್ಲಿ (ಹಾರ್ಡನರ್ ಬೆರೆಸಿ ಹೊಡೆಯುವ ಪೇಂಟ್) ಒಳ್ಳೆಯ ರೀಪೇಂಟ್ ಆಗಿದ್ದರೆ ಮಾತು ಬೇರೆ. ಆದರೆ ಕೈಗೆ ಪುಡಿ ಅಂಟುತ್ತದೆ ಅಂದಿರಲ್ಲ, ಹಾಗಾಗಿ ನನಗೆ ಅದು ಹಳೇ ಬಣ್ಣವೇ ಅನ್ನಿಸುತ್ತದೆ.

ಮೆಷಿನ್ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನ್ನ ಕೈಗೆ ಮೊದಲ ರೋಟರಿ ಬಫಿಂಗ್ ಮೆಷಿನ್ ಬಂದ ವರ್ಷ ಒಬ್ಬ ಹಿರಿಯರು ತಮ್ಮ ಕಪ್ಪು ಅಂಬಾಸಡರ್ ಬಿಟ್ಟು ಹೋದರು. ಒರಿಜಿನಲ್ ಪೇಂಟ್. ಕೈಯಲ್ಲಿ ಎರಡು ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತಿದೆ ಅಂತ ನಾನು ಬಾನೆಟ್ಟಿನ ನಡುವಿನ ಉಬ್ಬಿದ ಅಂಚಿನ ಮೇಲೂ ಅದೇ ವೇಗದಲ್ಲಿ ಹೋದೆ. ಅಂಚಿನಲ್ಲಿ ಬಣ್ಣ ಯಾವಾಗಲೂ ತೆಳು, ಮೆಷಿನ್‌ನ ಶಾಖ ಮತ್ತು ಒತ್ತಡ ಎರಡೂ ಅಲ್ಲೇ ಬೀಳುವುದು. ಒಂದೇ ಕ್ಷಣ. ಒಂದು ಗೇಣು ಉದ್ದಕ್ಕೆ ಬೂದು ಪ್ರೈಮರ್ ಕಂಡಿತು. ಬಾನೆಟ್ ಪೂರ್ತಿ ರೀಪೇಂಟ್ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಆ ಹಿರಿಯರು ಏನೂ ಅನ್ನಲಿಲ್ಲ, ಬಾನೆಟ್ ಮೇಲೆ ಒಂದು ಸಲ ಕೈ ಆಡಿಸಿ ಹೊರಟರು. ಅವತ್ತಿನಿಂದ ಅಂಚುಗಳಿಗೆ ಟೇಪ್ ಹಾಕದೆ ನಾನು ಮೆಷಿನ್ ಹಿಡಿದಿಲ್ಲ, ಒರಿಜಿನಲ್ ಪೇಂಟ್ ಇರುವ ಹಳೇ ಕಾರಿಗೆ ಮೊದಲು ಕೈಯಲ್ಲಿ ಮಾಡದೆ ಮೆಷಿನ್ ತಂದಿಲ್ಲ. ನಿಮ್ಮ ಫಿಯಟ್‌ನ ಹಿಂಭಾಗದ ರೆಕ್ಕೆಯಂಥ ಅಂಚುಗಳು, ಪಕ್ಕದ ಉದ್ದ ಗೆರೆ, ಇವೆಲ್ಲ ಅಂಥದೇ ಜಾಗಗಳು.

ಹಾಗಾದರೆ ನೀವು ಮಾಡಬೇಕಾದ್ದು ಏನು ಅಂತ ಈಗ ಹೇಳುತ್ತೇನೆ. ಎರಡು ಭಾನುವಾರ ಇಟ್ಟುಕೊಳ್ಳಿ.

ಮೊದಲು ಆ ಪ್ಲಾಸ್ಟಿಕ್ ಕವರ್ ತೆಗೆದು ಬಿಸಾಡಿ. ಒಳಗೆ ತೇವ ಹಿಡಿದಿಡುತ್ತದೆ, ಗಾಳಿಗೆ ಪಟಪಟ ಬಡಿದು ದೂಳಿನ ಜೊತೆ ಬಣ್ಣ ಉಜ್ಜುತ್ತದೆ. ಒಂದು ಶೀಟಿನ ನೆರಳು ಸಿಕ್ಕರೆ ಸಾಕು. ಬೆಳಿಗ್ಗೆ ತಂಪಿನಲ್ಲಿ ಕಾರು ತೊಳೆಯಿರಿ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಕಾರ್ ಶಾಂಪೂ ಸಾಕು. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆಯ ಮಣ್ಣು ತೊಳೆಯಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡಬೇಡಿ.

ಆಮೇಲೆ ಗ್ಲೇಜ್ ಬೇಕು, ಅಂದರೆ ಬಣ್ಣ ಕೊರೆಯುವ ಗುಣ ಇಲ್ಲದ, ಎಣ್ಣೆ ಜಾಸ್ತಿ ಇರುವ ಪಾಲಿಷ್. ಮೆಗ್ವಾಯರ್ಸ್ ನಂಬರ್ 7 ಅನ್ನುವ ಹಳೇ ಗ್ಲೇಜ್ ಇಂಥ ಕೆಲಸಕ್ಕೇ ಹೆಸರಾದದ್ದು. ಕೊಳ್ಳುವಾಗ ‘ಕಟ್’ ಅಥವಾ ‘ಕಾಂಪೌಂಡ್’ ಅಂತ ಇರುವುದನ್ನು ತರಬೇಡಿ. ಅದನ್ನು ಒಂದು ಮೆತ್ತನೆ ಟರ್ಕಿ ಟವೆಲ್ ತುಂಡಿಗೆ ಧಾರಾಳವಾಗಿ ಹಾಕಿ ಬಾನೆಟ್‌ಗೆ ಉಜ್ಜಿ. ಟವೆಲ್ ಕೆಂಪಾಗುತ್ತದೆ, ಹೆದರಬೇಡಿ, ಬರುತ್ತಿರುವುದು ಸತ್ತ ಬಣ್ಣ. ಒರೆಸದೆ ದಪ್ಪಗೆ ಹಾಗೇ ರಾತ್ರಿ ಬಿಡಿ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಿದ್ದೀರಲ್ಲ, ಒಣಗಿ ಮಂಕಾದದ್ದು ಎಣ್ಣೆ ಬಟ್ಟೆ ಎಳೆದರೆ ಹೇಗೆ ಕೆಂಪು ಮೇಲೆದ್ದು ಬರುತ್ತದೆ, ಇಲ್ಲಿ ಆಗುವುದೂ ಅದೇ. ಎಣ್ಣೆ ಬಣ್ಣದ ಸಣ್ಣ ಸಣ್ಣ ತೂತುಗಳಿಗೆ ಇಳಿಯಬೇಕು, ಅದಕ್ಕೆ ಟೈಮ್ ಬೇಕು. ಬೆಳಿಗ್ಗೆ ಮತ್ತೊಂದು ಸಲ ಹಚ್ಚಿ ಉಜ್ಜಿ ಒರೆಸಿ. ಟಾಪ್‌ಗೂ ಹೀಗೇ. ಬಾಗಿಲುಗಳಿಗೆ ಒಂದು ಸಲ ಸಾಕಾಗಬಹುದು. ಎಲ್ಲಾದರೂ ಬೂದು ಅಥವಾ ಇಟ್ಟಿಗೆ ಬಣ್ಣ ಇಣುಕಿದರೆ ಅದು ಪ್ರೈಮರ್, ಅಲ್ಲಿ ಕೈ ನಿಲ್ಲಿಸಿ.

ಮುಂದಿನ ಭಾನುವಾರ, ಇನ್ನೂ ಮಂಕು ಉಳಿದ ಜಾಗಕ್ಕೆ ಮಾತ್ರ ತೀರಾ ನುಣುಪಾದ ಫಿನಿಷಿಂಗ್ ಪಾಲಿಷ್ ಕೈಯಲ್ಲೇ ಹಾಕಿ, ಒಂದೇ ಸಲ. ಅದಾದ ಮೇಲೆ ವ್ಯಾಕ್ಸ್. ಕಾರ್ನೋಬಾ ಇರುವ ಪೇಸ್ಟ್ ವ್ಯಾಕ್ಸ್ ತೆಗೆದುಕೊಳ್ಳಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಎಷ್ಟು ತೆಳುವಾಗಿ ಹಚ್ಚುತ್ತೀರೋ ಅಷ್ಟು ಒಳ್ಳೆಯದು, ದಪ್ಪಗೆ ಬಳಿದರೆ ಒರೆಸುವುದು ಕಷ್ಟ ಅಷ್ಟೇ, ಹೊಳಪು ಜಾಸ್ತಿ ಆಗುವುದಿಲ್ಲ. ಒಂದು ದಿನ ಬಿಟ್ಟು ಎರಡನೇ ಸಲ. ನೆರಳಲ್ಲಿ ನಿಲ್ಲಿಸಿದ ಕಾರಿಗೆ ಎರಡು ಮೂರು ತಿಂಗಳು ಬರುತ್ತದೆ. ಹಾಸನದ ಮಳೆಯಲ್ಲಿ ಹೊರಗೇ ನಿಂತರೆ ತಿಂಗಳು, ಒಂದೂವರೆ ತಿಂಗಳು. ಮಳೆ ಬಿದ್ದಾಗ ನೀರು ಮುತ್ತಾಗದೆ ಹಾಳೆಯ ಹಾಗೆ ಹರಡಿ ನಿಂತರೆ ಮತ್ತೆ ಹಚ್ಚುವ ಹೊತ್ತು ಬಂತು ಅಂತ ತಿಳಿಯಿರಿ. ಸಿಲಿಕೋನ್ ಇರುವ ಪಳಪಳ ಸ್ಪ್ರೇಗಳನ್ನು ದೂರ ಇಡಿ. ಮುಂದೆಂದಾದರೂ ಒಂದು ಬಾಗಿಲಿಗೆ ಪೇಂಟ್ ಹೊಡೆಸಬೇಕಾದರೆ ಆ ಸಿಲಿಕೋನ್ ಮೇಲೆ ಬಣ್ಣ ನಿಲ್ಲದೆ ಮೀನಿನ ಕಣ್ಣಿನ ಹಾಗೆ ಗುಳಿ ಗುಳಿ ಆಗುತ್ತದೆ. ಪೇಂಟರ್‌ಗಳಿಗೆ ಸಿಲಿಕೋನ್ ಪಾಲಿಷ್ ಹೆಸರು ಕೇಳಿದರೆ ಸಿಟ್ಟು ಬರುವುದು ಅದಕ್ಕೇ.

ಇನ್ನು ಬಿಡಬೇಕಾದ ಅಭ್ಯಾಸಗಳು. ಸೀಮೆಎಣ್ಣೆ ಬಟ್ಟೆ ಮೊದಲನೆಯದು. ಅವರು ಹಾಗೆ ಮಾಡುತ್ತಿದ್ದದ್ದಕ್ಕೆ ಕಾರಣ ಇತ್ತು, ರಸ್ತೆಯ ಟಾರ್ ಚುಕ್ಕಿ ತೆಗೆಯಲು ಸೀಮೆಎಣ್ಣೆಯಷ್ಟು ಅಗ್ಗದ್ದು ಬೇರೆ ಇರಲಿಲ್ಲ, ಒರೆಸಿದ ಕೂಡಲೇ ಮಿಂಚುತ್ತಲೂ ಇತ್ತು. ಆ ಮಿಂಚು ಎಣ್ಣೆಯದು, ಸಂಜೆಯೊಳಗೆ ದೂಳು ಹಿಡಿಯುತ್ತದೆ. ಹಿಂದಿನ ತಿಂಗಳ ವ್ಯಾಕ್ಸನ್ನೂ ಅದು ತೊಳೆದು ಹಾಕುತ್ತದೆ, ಕಿಟಕಿಯ ಬೀಡಿಂಗ್ ರಬ್ಬರ್ ಊದಿ ಕೆಡುತ್ತದೆ. ಟಾರ್ ಚುಕ್ಕಿ ಇದ್ದರೆ ಆ ಚುಕ್ಕಿಗೆ ಮಾತ್ರ ಒಂದು ಹನಿ, ಕೂಡಲೇ ಶಾಂಪೂ ನೀರು. ರಬ್ಬರ್ ಬೀಡಿಂಗ್‌ಗೆ ಮೆಡಿಕಲ್ ಶಾಪಿನ ಗ್ಲಿಸರಿನ್ ತೆಳುವಾಗಿ ಸವರಿ, ಅದೂ ಹಳೇ ಉಪಾಯವೇ, ಈಗಲೂ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ವಾಟರ್ ಸರ್ವೀಸ್‌ಗೆ ಬಿಟ್ಟರೆ ಅಡಿಗೆ ಡೀಸೆಲ್ ಸ್ಪ್ರೇ ಬೇಡ ಅಂತ ಮೊದಲೇ ಹೇಳಿ, ಅಡಿಯ ರಬ್ಬರ್ ಬುಷ್‌ಗಳು ಹಾಳಾಗುತ್ತವೆ.

ಎರಡನೆಯದು ನಿಮ್ಮದೇ ಕೆಲಸ, ಬ್ರಾಸೊ. ಬೇಸರ ಮಾಡಿಕೊಳ್ಳಬೇಡಿ, ಆಗ ಊರಿಗೆ ಊರೇ ಹಾಗೆ ಮಾಡುತ್ತಿತ್ತು. ಬ್ರಾಸೊ ಹಿತ್ತಾಳೆಗೆ ಮಾಡಿದ್ದು, ಅದರಲ್ಲಿ ಉಜ್ಜುವ ನುಣ್ಣನೆ ಪುಡಿ ಮತ್ತು ಅಮೋನಿಯಾ ಇದೆ. ಬಂಪರ್ ಮೇಲಿನ ಕ್ರೋಮ್ ಒಂದು ಮೈಕ್ರಾನ್‌ಗಿಂತಲೂ ತೆಳು, ಅದರ ಕೆಳಗಿರುವುದು ನಿಕ್ಕಲ್. ತಿಂಗಳಿಗೊಮ್ಮೆ ಉಜ್ಜಿದರೆ ಕ್ರೋಮ್ ಸವೆದು ತಿಳಿ ಹಳದಿ ಛಾಯೆ ಕಾಣುತ್ತದೆ, ಆಮೇಲೆ ತುಕ್ಕಿನ ಚುಕ್ಕಿ. ಚುಕ್ಕಿ ಇದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಲ್ಲಿ ಅದ್ದಿ ಮೆತ್ತಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ, ತುಕ್ಕು ಮಾತ್ರ ಹೋಗುತ್ತದೆ. ಒರೆಸಿ ಒಣಗಿಸಿ ಅದೇ ವ್ಯಾಕ್ಸ್ ಬಂಪರ್‌ಗೂ ಹಚ್ಚಿ. ಗಾಜಿಗೆ ನ್ಯೂಸ್‌ಪೇಪರ್ ಖಂಡಿತ ಮುಂದುವರಿಸಿ, ನೂಲು ಬಿಡುವುದಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಫಿಲ್ಮ್ ಅಂಟಿಸಿದ ಗಾಜು ಇದ್ದರೆ ಮಾತ್ರ ಬೇಡ.

ಬಟ್ಟೆ ವಿಷಯ. ಪಂಚೆಯ ಮೇಲೆ ನನಗೆ ಪ್ರೀತಿ ಇದ್ದರೂ ಈ ಒಂದರಲ್ಲಿ ಹೊಸದೇ ಮೇಲು. ಒಳ್ಳೆಯ ಮೈಕ್ರೋಫೈಬರ್ ದೂಳನ್ನು ಎಳೆಗಳ ಒಳಗೆ ಎತ್ತಿಕೊಳ್ಳುತ್ತದೆ, ಹತ್ತಿ ಬಟ್ಟೆ ಅದನ್ನು ಬಣ್ಣದ ಮೇಲೆ ಎಳೆದಾಡುತ್ತದೆ. ಗ್ಯಾರೇಜ್‌ನ ಬನಿಯನ್ ವೇಸ್ಟ್ ಅಂತೂ ಬೇಡವೇ ಬೇಡ, ಹೊಲಿಗೆಯ ಗಂಟು, ಕೆಲವು ಸಲ ಗುಂಡಿಯೂ ಇರುತ್ತದೆ. ಕೆಳಗೆ ಬಿದ್ದ ಬಟ್ಟೆ ಮತ್ತೆ ಕಾರಿಗೆ ಮುಟ್ಟಿಸಬೇಡಿ.

ಹೊಳಪು ಮತ್ತೆ ಬರುತ್ತದೆಯೇ ಅಂದಿರಿ. ಬಾಗಿಲ ಸಂದಿಯ ಕೆಂಪಿನಷ್ಟೇ ಬರುತ್ತದೆ ಅಂತ ಹೇಳಲಾರೆ. ಪುಡಿಯಾಗುತ್ತಿದ್ದ ಎಷ್ಟೋ ಬಾನೆಟ್‌ಗಳು ಎರಡು ದಿನದ ಕೈಕೆಲಸಕ್ಕೆ ತಿರುಗಿ ಬಂದದ್ದನ್ನು ನೋಡಿದ್ದೇನೆ. ಆ ಹೊಳಪು ಇವತ್ತಿನ ಕಾರಿನ ಗಾಜಿನಂಥ ಹೊಳಪಲ್ಲ. ಬಣ್ಣದ ಒಳಗಿನಿಂದಲೇ ಬಂದ ಹಾಗೆ, ಕೊಬ್ಬರಿ ಎಣ್ಣೆ ಹಚ್ಚಿದ ಹಲಸಿನ ಮರದ ಕಂಬದ ಹಾಗೆ ಇರುತ್ತದೆ. ಬಿಡುವಾದಾಗ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿರುವ ‘ಪಯಣ’ ಮ್ಯೂಸಿಯಂಗೆ ಹೋಗಿಬನ್ನಿ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಹಳೇ ಕಾರುಗಳ ಸಂಗ್ರಹ ಅಲ್ಲಿದೆ. ಬೇರೆ ಬೇರೆ ಕಾಲದ ಕಾರುಗಳನ್ನು ಒಂದೇ ಸೂರಿನಡಿ ಹತ್ತಿರದಿಂದ ನೋಡಿದರೆ ಕಣ್ಣಿಗೆ ಒಂದು ಅಂದಾಜು ಸಿಗುತ್ತದೆ.

ಕೈಯಲ್ಲಿ ಉಜ್ಜುವುದರಿಂದ ಇನ್ನೊಂದು ಲಾಭ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಇಡೀ ಕಾರಿನ ಮೇಲೆ ಅಂಗೈ ಓಡಾಡುತ್ತದೆ. ಬೀಡಿಂಗ್ ಕೆಳಗೆ ಸಣ್ಣ ಗುಳ್ಳೆ ಎದ್ದಿದೆ, ಅಂದರೆ ಒಳಗೆ ತುಕ್ಕು ಶುರು. ವೀಲ್ ಆರ್ಚ್ ಅಂಚಿನಲ್ಲಿ ಕಲ್ಲು ಬಡಿದು ಚಕ್ಕೆ ಹೋಗಿದೆ, ಒಂದು ಚುಕ್ಕಿ ಟಚಪ್ ಸಾಕು. ಇವೆಲ್ಲ ಕೈಗೆ ಮೊದಲು ಗೊತ್ತಾಗುತ್ತವೆ, ಕಣ್ಣಿಗೆ ಆಮೇಲೆ. ನಿಮ್ಮ ಕಾರು ಇಷ್ಟು ವರ್ಷ ಬಾಳಿದ್ದು ಬರೀ ವ್ಯಾಕ್ಸ್‌ನಿಂದ ಅಲ್ಲ, ತಿಂಗಳಿಗೊಮ್ಮೆ ಅವರು ಅದನ್ನು ಮುಟ್ಟಿ ನೋಡುತ್ತಿದ್ದರಿಂದ ಅಂತ ನನಗೆ ಅನ್ನಿಸುತ್ತದೆ.

ಆಯುಧ ಪೂಜೆಗೆ ಒಂದು ಮಾತು. ಗಂಧ, ಕುಂಕುಮ, ಅರಿಶಿನವನ್ನು ಬಾನೆಟ್‌ಗೆ ಹಚ್ಚುವ ಬದಲು ಗಾಜಿಗೆ ಅಥವಾ ನಂಬರ್ ಪ್ಲೇಟ್‌ಗೆ ಹಚ್ಚಿ. ಕ್ಲಿಯರ್ ಕೋಟ್ ಇಲ್ಲದ ಬಣ್ಣ ಅವನ್ನು ಹೀರಿಕೊಳ್ಳುತ್ತದೆ, ಕಲೆ ಹೋಗುವುದಿಲ್ಲ. ಹಾರ ದಾರದ್ದಿರಲಿ, ತಂತಿಯದ್ದು ಬೇಡ. ಚೆಂಡುಹೂವು ಬಾನೆಟ್ ಮೇಲೆ ಬಾಡಲು ಬಿಡದೆ ಅವತ್ತೇ ಸಂಜೆ ತೆಗೆಯಿರಿ. ಕಾಯಿ ನೀರು ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ.

ಕೊನೆಯದಾಗಿ ಆ ಡಬ್ಬ. ಟರ್ಪೆಂಟೈನ್ ಆರಿಹೋಗಿ ಮೇಣ ಒಣಗಿ ಬಿರುಕು ಬಿಟ್ಟಿರುತ್ತದೆ, ಇಷ್ಟು ವರ್ಷದಲ್ಲಿ ಒಳಗೆ ದೂಳೂ ಸೇರಿರುತ್ತದೆ. ಬಾನೆಟ್‌ಗೆ ಹಚ್ಚಬೇಡಿ, ಹರಡುವುದಿಲ್ಲ, ಗೀರು ಬೀಳುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿ ಅರ್ಧ ಗಂಟೆ ಎಳೆ ಬಿಸಿಲಲ್ಲಿಡಿ, ಸ್ವಲ್ಪ ಮೆತ್ತಗಾಗುತ್ತದೆ. ಮೇಲಿನ ಪದರ ಕೆರೆದು ತೆಗೆದು, ಕೆಳಗಿನ ಶುಭ್ರ ಮೇಣ ಬೆರಳ ತುದಿಯಲ್ಲಿ ತೆಗೆದುಕೊಂಡು, ಮರಳು ಮರಳಾಗಿ ಸಿಗುವುದಿಲ್ಲ ಅಂತ ನೋಡಿಕೊಂಡು ಡ್ರೈವರ್ ಬಾಗಿಲಿನ ಸಂದಿಗೆ ಹಚ್ಚಿ. ಬಿಸಿಲು ಕಾಣದ ಆ ಜಾಗಕ್ಕೆ ವರ್ಷಕ್ಕೆ ಒಂದು ಸಲ, ಅಷ್ಟೇ ಸಾಕು, ಡಬ್ಬ ಇನ್ನೂ ಬಹಳ ವರ್ಷ ಬರುತ್ತದೆ. ಬಾಗಿಲು ತೆಗೆದಾಗ ಆ ವಾಸನೆ ಒಂದೆರಡು ದಿನವಾದರೂ ಇರುತ್ತದೆ.